ಮೂಲೆಯಿಲ್ಲದ ಅಕ್ಷರಗಳು

ಭೋಸರಿಯ ಬೋರ್ಡು ತಯಾರಿಸುವ ಕಾರ್ಖಾನೆಯಲ್ಲಿ ತಿಪ್ಪವ್ವ ಒಂಬತ್ತು ವರ್ಷ ಅಕ್ಷರ ಉಜ್ಜಿದ್ದಳು. ಅವಳಿಗೆ ಓದು ಬಾರದು. ಆದರೂ ಅಕ್ರಿಲಿಕ್ ಹಾಳೆಯಿಂದ ಕತ್ತರಿಸಿ ಬಂದ ದಪ್ಪ ಇಂಗ್ಲಿಷ್ ಅಕ್ಷರಗಳನ್ನು ಕಣ್ಣು ಮುಚ್ಚಿ ಬೇರೆಬೇರೆ ಮಾಡಿ ಇಡುತ್ತಿದ್ದಳು. ಒಂದು ಬಳೆ, ಬಳೆಗೊಂದು ಕೋಲು. ಕೋಲು ಎಡಕ್ಕಿದ್ದರೆ ಒಂದಕ್ಷರ, ಬಲಕ್ಕಿದ್ದರೆ ಇನ್ನೊಂದು, ತಲೆಕೆಳಗು ಮಾಡಿದರೆ ಮತ್ತೆರಡು. ಎಲ್ಲ ಕಡೆ ಒಂದೇ ದಪ್ಪ, ತುದಿಗಳೆಲ್ಲ ಹೆಬ್ಬೆರಳಿನಂತೆ ದುಂಡಗೆ.

ಆ ವರ್ಷಗಳಲ್ಲಿ ಎಲ್ಲರಿಗೂ ಅದೇ ದುಂಡನೆಯ ಅಕ್ಷರ ಬೇಕು. ಐಸ್‌ಕ್ರೀಂ ಅಂಗಡಿಗೆ, ಬಾಲವಾಡಿಗೆ, ವಿಮಾನ ನಗರದ ಹೊಸ ಆಟಿಕೆ ಅಂಗಡಿಗೆ. "ಇದನ್ನ ನೋಡಿದ್ರ ಯಾರಿಗೂ ಅಂಜಿಕಿ ಬರೂದಿಲ್ಲ," ಎನ್ನುತ್ತಿದ್ದರು ವಿಜಾಪುರ ಕಡೆಯ ಮಾಲೀಕರು ರಾಮಲಿಂಗಪ್ಪ.

೨೦೦೪ರ ಚಳಿಗಾಲದಲ್ಲಿ ತಿಪ್ಪವ್ವನ ಬೆರಳ ತುದಿಗಳು ಸುಮ್ಮನಾದವು. ಪಾಲಿಶ್ ಮಷೀನು ಹಿಡಿದು ಕೈ ಜುಮ್ಮೆನ್ನುವುದು ಹಳೆಯ ಮಾತು. ಈಗ ಅದೂ ಇಲ್ಲ. ಉಪ್ಪು ಚಿಟಿಕೆಯಲ್ಲಿ ಬಂತೋ ಇಲ್ಲವೋ ನೋಡಿಯೇ ತಿಳಿಯಬೇಕು. ಅವಳಿಗೆ ಭಯವಾಗಲಿಲ್ಲ. ಏನೂ ಆಗಲಿಲ್ಲ. ಅಕ್ಷರದ ಅಂಚನ್ನು ಕೆಳತುಟಿಗೆ ಸವರಿ ನಯ ನೋಡುವುದನ್ನು ರೂಢಿ ಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ.

ಆಗಲೇ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನ ಕೆಲಸ ಬಂತು. ಮಕ್ಕಳ ಕೈಗೆ ಎಟಕುವಷ್ಟು ಕೆಳಗೆ, ಗೋಡೆಯ ಮೇಲೆ ಬಿಳಿ ಅಕ್ಷರಗಳು.

"ಹುಡುಗ್ರು ಕೈ ಆಡಸ್ತಾವ ತಿಪ್ಪವ್ವ. ಒಂದ್ ಗೀರೂ ಇರಬಾರ್ದು ನೋಡು," ಎಂದರು ರಾಮಲಿಂಗಪ್ಪ.

"ಹೌದ್ರಿ."

ಅಕ್ಷರದ ಬಳೆಯ ಒಳಗಿನ ಅಂಚಿಗೆ ತುಟಿ ಮುಟ್ಟುವುದಿಲ್ಲ. ಅಲ್ಲಿ ಹಳೆಯ ಅಭ್ಯಾಸದಂತೆ ಬೆರಳನ್ನೇ ಆಡಿಸಿದಳು. ಪಕ್ಕದಲ್ಲಿ ಅಕ್ಷರ ಒರೆಸುತ್ತಿದ್ದ ಇಂದೂ ಚೀರಿದಳು.

"ಅಕ್ಕಾ, ರಕ್ತ!"

ಬಿಳಿ ಬಳೆಯ ಸುತ್ತ ಕೆಂಪು ಗೆರೆ ಎಳೆದಿತ್ತು. ತಿಪ್ಪವ್ವ ಇಂದೂನ ಕೈ ನೋಡಿದಳು, ಆಮೇಲೆ ತನ್ನದು. ತೋರುಬೆರಳು ಸೀಳಿತ್ತು. ಬಳೆಯ ಒಳ ಅಂಚಿನಲ್ಲೊಂದು ಚೂಪು ಚಕ್ಕೆ ಎದ್ದಿತ್ತು.

"ನೋಯವಲ್ದೇನಕ್ಕಾ?"

"ಇಲ್ಲ."

ಚೀರಿದ್ದು ಕೇಳಿ ಬಂದ ರಾಮಲಿಂಗಪ್ಪ ಬೈಯಲಿಲ್ಲ. ತಾವೇ ಬಟ್ಟೆ ಸುತ್ತಿದರು. "ಎಷ್ಟ್ ದಿನಾ ಆತು ಹಿಂಗ?" ಎಂದರು. ಅವಳು ಹೇಳಿದಳು. ಅವರು ಹೋಗಿ ಮಷೀನಿನ ಸ್ವಿಚ್ಚು ಆರಿಸಿದರು. ಮರುದಿನ ಡಾಕ್ಟರ ಹತ್ತಿರ ಕಳಿಸಿದರು. ಬಂದ ಮೇಲೆ ಅವಳನ್ನು ಅಕ್ಷರಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಹಾಕಿದರು. ಅವಳ ಮಷೀನು ಇಂದೂಗೆ ಬಂತು.

"ಅರ್ಧಾ ತಾಸಿಗೊಮ್ಮೆ ಬಂದ್ ಮಾಡು. ಮಾಲಕ್ರು ಹೇಳಲಿ, ಬಿಡಲಿ," ಎಂದು ತಿಪ್ಪವ್ವ ಅವಳಿಗೆ ಹೇಳಿದಳು.

ಡಾಕ್ಟರನ್ನು ಕಂಡು ಬಂದ ದಿನ ಸಂಜೆ ಮನೆಯಲ್ಲಿ ಮಗಳು ಮಾಯಾ ಕೇಳಿದಳು, "ಡಾಕ್ಟರ್ ಏನಂದ್ರವ್ವ?"

"ನರ ಸತ್ತಾವಂತ. ತಿರುಗಿ ಬರೂದು ಕಷ್ಟ ಅಂದ್ರು." ಬೇರೆ ಊರಿನ ಯಾರದೋ ಸುದ್ದಿ ಹೇಳಿದಂತೆ ಹೇಳಿದಳು.

ಮಾಯಾ ಪುಸ್ತಕ ಬದಿಗಿಟ್ಟು ತಾಯಿಯ ಕೈ ಎಳೆದುಕೊಂಡಳು. ಒಂದೊಂದೇ ಬೆರಳನ್ನು ಒತ್ತಿದಳು. "ಇಲ್ಲಿ ಗೊತ್ತಾಗ್ತದ?"

"ಇಲ್ಲ."

"ಇಲ್ಲಿ?"

"ಇಲ್ಲ."

ಅಂಗೈ ದಾಟಿ ಮಣಿಕಟ್ಟಿಗೆ ಬಂದಾಗ ತಿಪ್ಪವ್ವ ಹೂಂ ಎಂದಳು. ಮಾಯಾ ಅಲ್ಲಿಯೇ ಹಿಡಿದುಕೊಂಡು ಕುಳಿತಳು. ಒಲೆಯ ಮೇಲೆ ಬೇಳೆ ಉಕ್ಕಿದರೂ ಇಬ್ಬರೂ ಏಳಲಿಲ್ಲ.