ಪರವಾಲೇದು

“ಬ್ರೇಕ್ ಪೆಡಲ್ ಕಲ್ಲಾಗ್ಯದ ಕಾಕಾ. ಒತ್ತಿದ್ರ ಇಳಿಯವಲ್ದು. ಕಾಲು ತಗದ್ರೂ ಗಾಡಿ ಮುಂದಕ ಹೋಗವಲ್ದು. ಯಾರೋ ಹಿಂದಿನಿಂದ ಹಿಡಕೊಂಡಂಗ ಆಗ್ಯದ.”

ಫೋನಿನಲ್ಲಿ ವಿಷ್ಣುಪ್ರಿಯಾಳ ಮಾತಿಗಿಂತ ಉಸಿರೇ ಜೋರಾಗಿ ಕೇಳುತ್ತಿತ್ತು. ಆದೋನಿಯ ತನ್ನ ಶೆಡ್ಡಿನಲ್ಲಿ ಯಾವುದೋ ಗಾಡಿಯ ಹೊಟ್ಟೆಯ ಕೆಳಗೆ ಮಲಗಿದ್ದ ಜಂಬಪ್ಪ ಅಲ್ಲಿಂದಲೇ ತೆವಳಿಕೊಂಡು ಹೊರಗೆ ಬಂದ.

“ಹೊಗಿ ಬಂತೇನು ಪ್ರಿಯಮ್ಮ?”

“ಹೊಗಿ ಇಲ್ಲ. ಸುಟ್ಟ ವಾಸನಿ ಬರ್ಲಿಕತ್ತದ. ಅಮ್ಮನೂ ಜೋಡಿ ಇದ್ದಾಳ. ಆಸ್ಪರಿ ದಾಟಿ ಒಂದು ಬೇವಿನ ಗಿಡ ಅದ ನೋಡು, ಅಲ್ಲಿ ನಿಲ್ಲಿಸೀನಿ.”

“ಇಬ್ರೂ ಇಳೀರಿ. ಗಾಲಿಗೆ ಕಲ್ಲು ಕೊಡ್ರಿ. ಬಿಸಿ ಐತಂತ ನೀರು ಗೀರು ಹಾಕೀರಿ ಮತ್ತ, ಬಿರುಕು ಬಿಡತೈತಿ. ನಾ ಬರೋತನಕ ಕೀ ಮುಟ್ಟಬ್ಯಾಡ್ರಿ.”

“ಕಾಕಾ...” ಹುಡುಗಿಯ ದನಿ ಇಳಿಯಿತು. “ಅಪ್ಪಗ ಹೇಳಬ್ಯಾಡ.”

ಅಪ್ಪ ಎಂದರೆ ರಾಘಣ್ಣ. ತಹಶೀಲ್ದಾರ್ ಆಫೀಸಿನಲ್ಲಿ ಮೂವತ್ತು ವರ್ಷ ಫೈಲು ತಿರುವಿ ರಿಟೈರಾದವರು. ಈಗ ಕೆಟ್ಟು ನಿಂತ ಬಿಳಿ ಕಾರನ್ನು ಇಪ್ಪತ್ತು ವರ್ಷದಿಂದ ಜಂಬಪ್ಪನ ಹೊರತು ಇನ್ನೊಬ್ಬ ಮೆಕ್ಯಾನಿಕ್ ಮುಟ್ಟಲು ಬಿಟ್ಟವರಲ್ಲ; ತಮ್ಮ ಆಫೀಸಿನ ಅರ್ಧ ಮಂದಿಯನ್ನು ಅವನ ಶೆಡ್ಡಿಗೆ ಕಳಿಸಿದವರೂ ಅವರೇ. ಮಗಳಿಗೆ ಪತ್ತಿಕೊಂಡದಲ್ಲಿ ಕೆಲಸ ಸಿಕ್ಕಿತು. ಬಸ್ ಹಿಡಿದರೆ ಎರಡು ಕಡೆ ಬದಲಿಸಬೇಕು, ದಿನಾ ಹಾಜರಿಗೆ ಕೆಂಪು ಗೆರೆ. ತಾಯಿ ಮಗಳು ಇಬ್ಬರೂ ಸೇರಿ ಒಂದು ತಿಂಗಳು ಬೆನ್ನು ಹತ್ತಿದ ಮೇಲೆ ಅವರು ಗೋಡೆಯ ಮೊಳೆಯಿಂದ ಕೀ ತೆಗೆದು ಅವಳ ಕೈಗಿಟ್ಟಿದ್ದರು. ಮಾತು ಮಾತ್ರ ಖಡಕ್ಕು: “ಒಂದು ತಕರಾರು ಬಂದ್ರ ಕೀ ವಾಪಸ್ ಮೊಳಿಗೆ.” ಕಲಿಸುವಾಗಲೂ ಅವರದು ಒಂದೇ ರಾಗ, “ಬ್ರೇಕಿನ ಮ್ಯಾಲ ಕಾಲಿಟ್ಕೊಂಡು ಓಡಸ್ತಿ ನೀನು!”

ಬೈಕಿನ ಮೇಲೆ ಕುಳಿತ ಜಂಬಪ್ಪನಿಗೆ ದಾರಿಯುದ್ದಕ್ಕೂ ಬೇರೆಯೇ ಚಿಂತೆ. ಎರಡು ತಿಂಗಳ ಹಿಂದೆ ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿದವನು ತಾನೇ. ಪಿನ್ನಿಗೆ ಗ್ರೀಸ್ ಹಚ್ಚಿದ್ದೆನೇ? ಬೋಲ್ಟು ಬಿಗಿದ ಮೇಲೆ ಗಾಲಿ ತಿರುಗಿಸಿ ನೋಡಿದ್ದೆನೇ? ಮನಸ್ಸಿನಲ್ಲೇ ಗಾಲಿಗಳನ್ನು ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಎರಡೂ ಬದಿ ಹತ್ತಿಯ ಹೊಲಗಳು ಹಿಂದೆ ಸರಿದದ್ದು ಅವನಿಗೆ ಕಾಣಲೇ ಇಲ್ಲ.

ಬೇವಿನ ನೆರಳಲ್ಲಿ ತುಳಸಿಬಾಯಿ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತಿದ್ದರು. ಮಗಳಿಗೆ ಹೊಸ ರಸ್ತೆ ಎಂದು ದಿನಾ ಪಕ್ಕದಲ್ಲಿ ಕುಳಿತು ಹೋಗುತ್ತಿದ್ದ ತಾಯಿ ಅವರು. ಪತ್ತಿಕೊಂಡದ ತಮ್ಮ ಅಕ್ಕನ ಮನೆಯಲ್ಲಿ ಸಂಜೆಯವರೆಗೆ ಕಾಯುವುದು, ಮತ್ತೆ ಜೊತೆಗೇ ಬರುವುದು. ವಿಷ್ಣುಪ್ರಿಯಾ ತನ್ನ ಬಲಗಾಲನ್ನು ಎಡಗಾಲಿನಿಂದ ತುಳಿದುಕೊಂಡು ನಿಂತಿದ್ದಳು. ತಪ್ಪು ಮಾಡಿದ ಕಾಲು ಎಲ್ಲಿ ಓಡಿಹೋದೀತೋ ಎಂಬಂತೆ.

“ಖರೆ ಹೇಳು ಕಾಕಾ. ನನ್ನ ಕಾಲಿಂದಲೇ ಆಗ್ಯದಲ್ಲ?”

“ಗಾಡಿ ಹೇಳ್ಲಿ, ತಡಿ.”

ಅವನು ನಾಲ್ಕೂ ಗಾಲಿಗಳ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿದ. ನಾಲ್ಕೂ ಒಲೆಯಂತೆ ಕಾದಿದ್ದವು.

“ಒಂದು ಗಾಲಿ ಕಾದಿದ್ರ ಆ ಗಾಲಿದು ತಪ್ಪು. ನಾಕೂ ಕಾದಾವ. ಅಂದ್ರ ರೋಗ ಕಾಲಾಗಿಲ್ಲ, ತಲ್ಯಾಗೈತಿ.” ಹಾಗೆನ್ನುವಾಗ ಅವನಿಗೆ ಕದ್ದುಮುಚ್ಚಿ ಒಂದು ನಿರಾಳ. ಪ್ಯಾಡ್ ಬದಲಿಸಿದ್ದು ಮುಂದಿನ ಎರಡಕ್ಕೆ ಮಾತ್ರ.

ಗಾಲಿಗಳು ಆರಿದ ಮೇಲೆ ಜಾಕ್ ಕೊಟ್ಟು ಮುಂದಿನ ಒಂದು ಗಾಲಿ ಎತ್ತಿದ. ಎರಡೂ ಕೈ ಹಾಕಿ ತಿರುಗಿಸಿದರೆ ಅಲುಗಲಿಲ್ಲ. ಹಿಂದೆ ಕೈ ತೂರಿಸಿ, ಬ್ರೇಕ್ ಪೈಪಿನ ಗಾಳಿ ಬಿಡುವ ಸಣ್ಣ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಪಿಚಕ್ ಎಂದು ಆಯಿಲ್ ಚಿಮ್ಮಿತು. ಗಾಲಿ ಹಗುರಾಗಿ ತಿರುಗಿತು. ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಕಾಲು ತೆಗೆದರೂ ಬ್ರೇಕ್ ಬಿಡದಂತೆ ಮೇಲೆ ಏನೋ ದಾರಿ ಮುಚ್ಚಿದೆ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿದ. ಮುಚ್ಚಳದೊಳಗಿನ ರಬ್ಬರು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿತ್ತು. ಮತ್ತೆ ಒಳಕ್ಕೆ ಒತ್ತಿದರೆ ಕೂರಲಿಲ್ಲ. ಬೆರಳದ್ದಿ ಮೂಸಿ ನೋಡಿದ. ಅವನ ಮುಖ ಬಿಗಿಯಿತು.

“ಅಮ್ಮಾರೆ, ಊಟದ ಡಬ್ಬಿ ಮುಚ್ಚಳದಾಗ ಒಂದು ಗುಟುಕು ನೀರು ಕೊಡ್ರಿ.”

ಸ್ಟೀಲಿನ ಮುಚ್ಚಳದ ನೀರಿಗೆ ಬೆರಳಿನಿಂದ ಒಂದು ಹನಿ ಬಿಟ್ಟ. ಅದು ಕಾಮನಬಿಲ್ಲಿನ ಅಂಚು ಕಟ್ಟಿಕೊಂಡು ಮೇಲೆಯೇ ತೇಲಿತು.

“ಬ್ರೇಕ್ ಆಯಿಲ್ ನೀರಾಗ ಕರಗತೈತಿ. ಇದು ತೇಲಾಕತ್ತೈತಿ. ಇದರಾಗ ಯಾರು, ಏನ್ ಹಾಕಿದ್ರಿ?”

ವಿಷ್ಣುಪ್ರಿಯಾ ಇಲ್ಲವೆಂದು ತಲೆಯಾಡಿಸಿದಳು. ತುಳಸಿಬಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ನಾನು.”

“ಅಮ್ಮಾ!”

“ಏನಮ್ಮಾ? ಕೆಂಪು ಲೈಟ್ ಹತ್ತೇದ, ಅಪ್ಪ ನೋಡಿದ್ರ ಮುಗೀತು ಅಂತ ಅತ್ತಾಕಿ ನೀನಲ್ಲೇನು? ಏಕಾದಶಿ ದಿನ ನಾನ ಜಂಬಪ್ಪಗ ಫೋನ್ ಮಾಡ್ದೆ. ಬ್ರೇಕಿಂದು ಆಯಿಲ್ ಕಮ್ಮಿ ಆಗಿರ್ತೈತಿ, ಹಾಕ್ರಿ ಅಂದ. ಯಾವ ಆಯಿಲ್ ಹಾಕ್ಲೆಪ್ಪಾ ಅಂತ ಕೇಳಿದೆ. ‘ಏದೈನಾ ಪರವಾಲೇದಮ್ಮ’ ಅಂದ.” ಅವರು ಅವನ ಕಡೆ ತಿರುಗಿದರು. “ಯಾವುದಾದ್ರೂ ನಡೀತದ ಅಂತ ನೀನ ಅಂದಿಲ್ಲೇನು? ಮನ್ಯಾಗ ಹೊಲಿಗಿ ಮಿಷನ್ ಎಣ್ಣಿ ಇತ್ತು, ಹೊಸಾ ಸೀಸೆ. ಇದೂ ಮಿಷನ್ನ ಅಲ್ಲೇನು? ಅಡಗಿ ಎಣ್ಣಿ ಸುರಿಯೋವಷ್ಟು ದಡ್ಡಿ ಅಲ್ಲಪ್ಪ ನಾನು.”

ಯಾರೂ ನಗಲಿಲ್ಲ.

ಜಂಬಪ್ಪನಿಗೆ ಆ ಕ್ಷಣ ನೆನಪಾಯಿತು. ಎದುರಿಗೆ ತೆಲುಗಿನ ಗಿರಾಕಿಯೊಬ್ಬ ಅವಸರ ಮಾಡುತ್ತಿದ್ದ. ಫೋನು ಭುಜಕ್ಕೂ ಕಿವಿಗೂ ನಡುವೆ. ಅವನೊಂದಿಗೆ ಆಡುತ್ತಿದ್ದ ತೆಲುಗೇ ಇವರಿಗೂ ಜಾರಿಬಿಟ್ಟಿತ್ತು. ಬ್ರೇಕ್ ಆಯಿಲ್ ಯಾವ ಕಂಪನಿಯದಾದರೂ ಸರಿ ಎಂದು ಅವನ ಅರ್ಥ. ಆಯಿಲ್ ಯಾಕೆ ಕಮ್ಮಿಯಾಯಿತು ಎಂದು ಕೂಡ ಅವನು ಕೇಳಿರಲಿಲ್ಲ. ಆಮೇಲೆ ಎಂಟು ದಿನ ಈ ಎರಡು ಜೀವಗಳು, ಲಾರಿಗಳ ನಡುವೆ, ಈ ರಸ್ತೆಯಲ್ಲಿ.

“ಈಗ ಗಾಲಿ ತಿರುಗತದಲ್ಲ ಕಾಕಾ,” ವಿಷ್ಣುಪ್ರಿಯಾ ಗಡಿಯಾರ ನೋಡಿದಳು. “ನಾಕೂ ಹಂಗ ಬಿಡಿಸಿಕೊಡು. ಮೆಲ್ಲಕ ಹೋಗ್ತೀನಿ.”

“ಒಳಗಿನ ರಬ್ಬರೆಲ್ಲಾ ಉಬ್ಬ್ಯಾವಮ್ಮ. ಹತ್ತು ಸಲ ಹಿಡೀತೈತಿ, ಹನ್ನೊಂದನೇ ಸಲ ಹಿಡಿಯಂಗಿಲ್ಲ. ಆ ಹನ್ನೊಂದು ಎಲ್ಲಿ ಬರತೈತಿ ನನಗೂ ಗೊತ್ತಿಲ್ಲ. ಟ್ರಕ್ಕಿನ ಮ್ಯಾಲ ಏರಿಸ್ಕೊಂಡು ಹೋಗಬೇಕು. ಪೈಪು ತೊಳೀಬೇಕು, ರಬ್ಬರೆಲ್ಲಾ ಹೊಸಾವು ಹಾಕಬೇಕು. ಮೂರು ದಿನ.”

ಮೂರು ದಿನ ಗಾಡಿ ಮನೆಯ ಮುಂದೆ ಇಲ್ಲದಿದ್ದರೆ ರಾಘಣ್ಣನಿಗೆ ಯಾರೂ ಹೇಳಬೇಕಾಗಿಲ್ಲ. ಅಷ್ಟರಲ್ಲಿ ವಿಷ್ಣುಪ್ರಿಯಾಳ ಫೋನು ಬಡಿದುಕೊಂಡಿತು. ಪತ್ತಿಕೊಂಡ ಮುಟ್ಟಿದೆಯಾ ಎಂದು ಕೇಳಲು ಅವರು ದಿನಾ ಮಾಡುವ ಹೊತ್ತು ಅದು.

“ಎತ್ತಬ್ಯಾಡ,” ಎಂದರು ತುಳಸಿಬಾಯಿ. ಮರುಗಳಿಗೆಯೇ, “ಇಲ್ಲ, ಕೊಡಿಲ್ಲೆ. ನಂದ ತಪ್ಪು ಅಂತೀನಿ. ಇನ್ನ ಹತ್ತು ವರ್ಷ ಆಡಕೋತಾರ, ಆಡಕೊಳ್ಳಿ. ನಿನ್ನ ಕೀ ಉಳೀಲಿ.”

ಜಂಬಪ್ಪ ಸುಮ್ಮನಿದ್ದರೆ ಸಾಕಿತ್ತು. ಕೈಯೊರಸುವ ಬಟ್ಟೆಯನ್ನು ಎರಡು ಸಲ ಮಡಚಿದ. ಫೋನು ಬಡಿದುಕೊಳ್ಳುತ್ತಲೇ ಇತ್ತು.

“ಕೊಡು ಪ್ರಿಯಮ್ಮ,” ಎಂದು ಕೈಚಾಚಿ ಫೋನು ಇಸಿದುಕೊಂಡು ಹಲೋ ಎಂದ.

“ಜಂಬಪ್ಪ? ನೀ ಯಾಕ ಎತ್ತಿದಿ? ಏನಾತು ಗಾಡಿಗೆ? ಬ್ರೇಕ್ ಹೋತೇನು? ನಾ ಹೇಳಿದ್ದೆ, ಆಕಿ ಕಾಲು ಅದರ ಮ್ಯಾಲೇ ಇರ್ತದಂತ...”

“ಕಾಲಿಂದ ಅಲ್ರಿ ಸ್ವಾಮಿ. ಬಾಯಿಂದ ಆಗೈತಿ.”

“ಯಾರ ಬಾಯಿ?”

“ನಂದು.”

ಅವನು ಎಲ್ಲವನ್ನೂ ಹೇಳಿದ. ಕೆಂಪು ಲೈಟು, ತೆಲುಗಿನ ಗಿರಾಕಿ, ಪರವಾಲೇದು. ಎಣ್ಣೆಯ ಹೆಸರು ಹೇಳುವಾಗ ತುಳಸಿಬಾಯಿ ಮುಖ ಆ ಕಡೆ ತಿರುಗಿಸಿದರು. ರಾಘಣ್ಣ ಮೊದಲು ಕೇಳಿದ್ದು ಗಾಡಿಯ ಸುದ್ದಿಯಲ್ಲ.

“ಇಬ್ರಿಗೂ ಏನೂ ಆಗಿಲ್ಲಲ್ಲ?”

“ಇಲ್ರಿ.”

“ಇಪ್ಪತ್ತು ವರ್ಷ ನಿನ್ನ ನಂಬೀನಿ.”

“ಹೌದ್ರಿ.”

“ಇನ್ನ ಮ್ಯಾಲ ಫೋನಿನ್ಯಾಗ ಯಾರಿಗೂ ಔಷಧ ಹೇಳಬ್ಯಾಡ.” ಅವರು ಕೆಮ್ಮಿದರು. “ಕೀ ಯಾರ ಹತ್ರ ಅದ?”

ಜಂಬಪ್ಪ ಹುಡುಗಿಯ ಮುಷ್ಟಿ ನೋಡಿದ. ಕೀ ಅದರೊಳಗೇ ಇತ್ತು.

“ಪ್ರಿಯಮ್ಮನ ಹತ್ರ ಐತ್ರಿ.”

“ಇರ್ಲಿ,” ಎಂದರು ರಾಘಣ್ಣ. ಫೋನು ಕಟ್ಟಾಯಿತು.

ತುಳಸಿಬಾಯಿ ಮುಚ್ಚಳದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದರು. ಸೆರಗಿನಿಂದ ಒರೆಸಿ, ಡಬ್ಬಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕಾರಿನ ಬಳಿ ಬಂದರು. ಜಾಕಿನ ಮೇಲೆ ನೆಲ ಬಿಟ್ಟು ನಿಂತಿದ್ದ ಗಾಲಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿದರು. ಅದು ಅರ್ಧ ಸುತ್ತು ತಿರುಗಿ, ತುಸು ಹಿಂದಕ್ಕೆ ಬಂದು, ನಿಂತಿತು.