ವನಜನ ಹುತ್ತ

ನನ್ನ ತಂಗಿ ವನಜನ ಹತ್ತಿರ ಇರುವುದೆಲ್ಲ ನನ್ನ ಹತ್ತಿರವೂ ಇದೆ, ಒಂದು ಹಿಡಿ ಹೆಚ್ಚೇ ಇದೆ. ಮರವಂತೆಯಲ್ಲಿ ಹೆದ್ದಾರಿ ಬದಿ ಹೋಟೆಲು, ಮನೆ ಮುಂದೆ ಕಾರು. ಅವಳಿಗೆ ಕೆರಾಡಿಯ ಕಾಡಂಚಿನಲ್ಲಿ ಸಣ್ಣ ಹೆಂಚಿನ ಮನೆ, ಎರಡು ದನ. ಆದರೂ ಮಳೆಗಾಲ ಬಂತೆಂದರೆ ಅವಳ ಹೆಸರು ಕೇಳಿದರೆ ಸಾಕು, ನನ್ನ ಹೊಟ್ಟೆ ಉರಿಯುತ್ತದೆ. ಕಾರಣ ಒಂದು ಹುತ್ತ.

ಕಾಡಣಬೆ ವರ್ಷವೂ ಮೊದಲ ಗುಡುಗಿಗೆ ಅದೇ ಹುತ್ತದ ಮೇಲೆ ಏಳುತ್ತದೆ. ಬೇರೆ ಕಡೆ ಎದ್ದದ್ದನ್ನು ನಮ್ಮ ಮನೆಯಲ್ಲಿ ಮುಟ್ಟುವುದಿಲ್ಲ, ವಿಷವೋ ಅಲ್ಲವೋ ಯಾರಿಗೆ ಗೊತ್ತು. ಹಾಗಾಗಿ ಹುತ್ತದ ಜಾಗ ಗುಟ್ಟು. ತಾಯಿ ಒಬ್ಬ ಮಗಳಿಗೆ ಮಾತ್ರ ತೋರಿಸುವುದು ನಮ್ಮ ಮನೆಯ ಕ್ರಮ. ಹಿರಿಯವಳು ನಾನು. ಅಮ್ಮ ಕೈಹಿಡಿದು ಕರೆದುಕೊಂಡು ಹೋದದ್ದು ವನಜನನ್ನು.

ಹೋಗಲಿ ಎಂದು ಸುಮ್ಮನಿದ್ದೆ. ಆದರೆ ಡಾಕ್ಟರು ನನ್ನ ಗಂಡ ಲೀಲಾಧರರಿಗೆ ಮಾಂಸ ಕಮ್ಮಿ ಮಾಡಿ, ಬದಲಿಗೆ ಅಣಬೆ ತಿನ್ನಿ, ಅದರಲ್ಲಿ ಕೊಬ್ಬಿಲ್ಲ ಎಂದರು ನೋಡಿ, ಅಲ್ಲಿಂದ ಶುರುವಾಯಿತು. ವನಜ ಬಸ್ ಕಂಡಕ್ಟರ್ ರತೀಶನ ಕೈಯಲ್ಲಿ ಡಬ್ಬಿ ಕಳಿಸುತ್ತಾಳೆ. ಕೈಯಲ್ಲೇ ಎಳೆಎಳೆಯಾಗಿ ಸಿಗಿದ ಅಣಬೆ, ಕಾಳುಮೆಣಸು, ಬೆಳ್ಳುಳ್ಳಿ, ತೆಂಗಿನತುರಿ. ಹಸಿ ಅಣಬೆ ಮಾತ್ರ ಕಳಿಸಿದ್ದೇ ಇಲ್ಲ. ಇವರು ಡಬ್ಬಿಯ ತಳ ಬಳಿದು ತಿಂದು, "ವನಜನ ಕೈರುಚಿ ನಿಂಗೆ ಬತ್ತಿಲ್ಲೆ ಮಾರಾಯ್ತಿ" ಎನ್ನುತ್ತಾರೆ. ನಾನು ಪಾತ್ರೆ ಕುಕ್ಕುತ್ತೇನೆ.

ಈ ಸಲ ಮೊದಲ ಗುಡುಗು ಕೇಳಿದ ಕೂಡಲೇ ತೀರ್ಮಾನಿಸಿದೆ. ಅವಳ ಬೆನ್ನುಹತ್ತಿ ಹುತ್ತ ನೋಡಿಯೇ ಬರುವುದು. ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಕೆರಾಡಿಗೆ ಹೋದೆ.

ವನಜ ಕಾಡಿಗೆ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಕೂತಿದ್ದಳು. ಮುಂದೆ ಕುಂದಾಪುರದ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪ್ಯಾಕೆಟ್ಟು. ಒಳಗೆ ಬೆಳ್ಳಗಿನ ಚಿಪ್ಪಣಬೆ, ಹುಲ್ಲು ತುಂಬಿದ ಚೀಲದಲ್ಲಿ ಬೆಳೆಸುತ್ತಾರಲ್ಲ, ಅದೇ. ಅದನ್ನು ಎಳೆಎಳೆಯಾಗಿ ಸಿಗಿಯುತ್ತಿದ್ದಳು.

"ಎಂತದೇ ಇದ್?" ಎಂದೆ.

ಬೆಚ್ಚಿಬಿದ್ದಳು. ಪ್ಯಾಕೆಟ್ಟನ್ನು ಬೆನ್ನ ಹಿಂದೆ ಸರಿಸಲು ನೋಡಿದಳು.

"ಹುತ್ತದ್ದ್ ಎಲ್ಲಿತ್ತ್?"

"ಹುತ್ತವೇ ಇಲ್ಲೆ ಅಕ್ಕ. ರಸ್ತೆ ಅಗಲ ಮಾಡುಕೆ ಜೆಸಿಬಿ ಬಂತಲ್ದಾ, ಆಗಳೇ ಹೋಯ್ತ್."

"ಮತ್ತೆ ಇಷ್ಟ್ ವರ್ಷ ನೀ ಕಳ್ಸಿದ್ದ್?"

"ಇದೇ. ಮೊದ್ಲ್ ಒಂದ್ಸಲ ಬೇರೆ ಕಡಿಯದ್ದ್ ಕೊಯ್ಕಂಡ್ ಬಂದಿದ್ದೆ. ವಿಷ ಇದ್ರೆ ಬೆಳ್ಳುಳ್ಳಿ ಕಪ್ಪಾತ್ತ್ ಅಂತ್ರಲ್ದಾ, ಹಾಕಿ ಬೇಯ್ಸಿ ಕಂಡೆ, ಕಪ್ಪಾಯಿಲ್ಲೆ. ಒಳ್ಳೇದೇ ಅಂದೇಳಿ ನಾನ್ ತಿಂದೆ. ವಾಂತಿ ಆಯಿ ಆಸ್ಪತ್ರೆಗೆ ಹೋಯ್ಕಾಯ್ತ್. ನಿಂಗೆ ಹೇಳಿಲ್ಲೆ. ಬೆಳ್ಳುಳ್ಳಿ ಬಣ್ಣ ಕಂಡ್ ಎಂತದೂ ಗೊತ್ತಾತಿಲ್ಲೆ ಅಂದ್ರ್ ಡಾಕ್ಟ್ರ್. ಅಂಥದ್ದನ್ನ ಭಾವಂಗೆ ಕಳ್ಸುಕಾತ್ತಾ?"

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. "ಪ್ಯಾಕೆಟಿನದ್ದ್ ಅಂದೇಳಿ ಹೇಳುಕೆ ಎಂತ ಆಯ್ತ್ ನಿಂಗೆ? ನಾನೇ ಮಾಡ್ತಿದ್ದೆ!"

ವನಜ ಅಣಬೆಯನ್ನು ಬಾಣಲೆಗೆ ಹಾಕಿದಳು. ಅದು ಬಿಟ್ಟ ನೀರು ಪೂರಾ ಆರಿ ಚೆನ್ನಾಗಿ ಬೇಯುವವರೆಗೆ ಮಗುಚುತ್ತಲೇ ಇದ್ದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ನಿನ್ನತ್ರ ಎಲ್ಲ ಇತ್ತ್ ಅಕ್ಕ. ನೀನ್ ಹೊಟ್ಟೆಕಿಚ್ಚ್ ಪಡುವಂಥದ್ದ್ ನನ್ನತ್ರ ಇದ್ದದ್ದ್ ಅದೊಂದೇ."

ಗಂಜಿಯ ಜೊತೆ ಬಡಿಸಿದಳು, ತಿಂದೆ. ಅಣಬೆ ಅಂಗಡಿಯದ್ದು, ರುಚಿ ಅಮ್ಮನದೇ. ಅಂದರೆ ಅಮ್ಮ ಹುತ್ತದ ಜೊತೆ ಕೈಯ ಹದವನ್ನೂ ಇವಳಿಗೇ ಕೊಟ್ಟು ಹೋಗಿದ್ದಳು. ಹುತ್ತವನ್ನಾದರೂ ಜೆಸಿಬಿ ಒಯ್ದಿತು, ಇದನ್ನು ಯಾರು ಒಯ್ಯುತ್ತಾರೆ? ನನ್ನ ಹೊಟ್ಟೆಯುರಿ ಇನ್ನೂ ಹೆಚ್ಚಾಯಿತು.

ಬಸ್ ಸ್ಟಾಪಿನವರೆಗೆ ವನಜ ಬಂದಳು, ನನ್ನ ಗಂಡನಿಗೆಂದು ತುಂಬಿಸಿದ ಡಬ್ಬಿ ಅವಳೇ ಹಿಡಿದುಕೊಂಡಿದ್ದಳು. ರತೀಶ ಬಾಗಿಲಲ್ಲೇ ನಿಂತು ಕೇಳಿದ: "ಎಂತ ಗುಲಾಬಕ್ಕ, ಈ ಸಲ ನೀವೇ ಬಂದ್ರ್ಯಾ? ಹುತ್ತದ್ದಾ?"

ವನಜ ನೆಲ ನೋಡಿದಳು. ಬಸ್ಸಿಗೆ ಬಸ್ಸೇ ನನ್ನನ್ನು ನೋಡುತ್ತಿತ್ತು.

"ಹುತ್ತದ್ದಲ್ದೇ ಮತ್ತೆ?" ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ಜಾಗ ಎಲ್ಲಿ ಅಂದೇಳಿ ಈ ಹೆಣ್ಣ್ ಇವತ್ತಿಗೂ ನಂಗೆ ಹೇಳಿಲ್ಲೆ ಕಾಣ್! ನಂಗೆ ಹೊಟ್ಟೆ ಉರಿತಾ ಇತ್ತ್!"

ವನಜ ತಲೆಯೆತ್ತಿದಳು.

"ಸಾಯುವರೆಗೂ ಹೇಳ್ತಿಲ್ಲೆ," ಎಂದಳು.