ಹತ್ತು ಮಂಚದ ಮನೆ

"ಬಾಯಿ ಬಿಡು. ಇನ್ನೂ ಅಗಲ. ಹಾ ಅನ್ನು."

"ಹಾ."

"ಜೋರಾಗಿ ಉಸಿರು ಬಿಡೇ, ಬಾಯಿಗೇನು ಬೀಗ ಹಾಕ್ಕೊಂಡಿದೀಯಾ?"

ಆರೋಗ್ಯ ನಿರೀಕ್ಷಕ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಅವಳ ಬಾಯಿಯ ಹತ್ತಿರ ಬಗ್ಗಿದ. ಮೂಗು ಮುಚ್ಚಿಕೊಂಡು ವಾಸನೆ ನೋಡುವುದು ಹೇಗೆಂದು ಅವನನ್ನು ಯಾರೂ ಕೇಳಲಿಲ್ಲ. ಅವನ ಹಿಂದೆ ಪುರಸಭೆಯ ಅಧ್ಯಕ್ಷ, ಮೂವರು ಸದಸ್ಯರು, ಅಳತೆಯ ಪಟ್ಟಿ ಹಿಡಿದ ಒಬ್ಬ ನೌಕರ ನಿಂತಿದ್ದರು.

"ಇವತ್ತು ಕುಡಿದಿಲ್ಲ," ಎಂದ ನಿರೀಕ್ಷಕ, ಸ್ವಲ್ಪ ಬೇಸರದಿಂದ.

"ಇವತ್ತಲ್ಲ. ಐದು ತಿಂಗಳಾಯ್ತು," ಎಂದಳು ಅವಳು.

"ನಿನ್ನನ್ನ ಕೇಳಿದ್ನಾ?"

ಅವಳಿಗೆ ಐವತ್ತೆರಡು ವರ್ಷ. ಪುರಸಭೆಯ ಆಸ್ಪತ್ರೆಯ ಶವಾಗಾರದಲ್ಲಿ ಹೆಣ ಕೊಯ್ದು, ಡಾಕ್ಟರು ನೋಡಿದ ಮೇಲೆ ಹೊಲಿದು, ತೊಳೆದು ಕೊಡುವುದು ಅವಳ ಕೆಲಸ. ಮೊದಲು ಗಂಡ ಮಾಡುತ್ತಿದ್ದ. ಅವನು ಸತ್ತಾಗ ಅವನ ಹೆಣವನ್ನೂ ಹೊಲಿಯಲು ಬೇರೆ ಯಾರೂ ಬರಲಿಲ್ಲ, ಅವಳೇ ಹೊಲಿದಳು. ಅಂದಿನಿಂದ ಊರಿಗೆಲ್ಲ ಹೊಲಿಗೆಯವಳು. ಈ ಮನೆಯಲ್ಲಿದ್ದವರಿಗೆ ಮಾತ್ರ ಹೊಲಿಗೆ ಅಕ್ಕ.

ಮನೆ ಅಂದರೆ ಪುರಸಭೆಯ ಹಳೆಯ ಗೋದಾಮು. ಕುಡಿತ ಬಿಟ್ಟವರು, ಅಮಲಿನ ಪುಡಿ ಬಿಟ್ಟವರು, ಬಿಟ್ಟ ಮೇಲೆ ಹೋಗಲು ಜಾಗವಿಲ್ಲದವರು ಒಂದಷ್ಟು ಕಾಲ ಇರಲಿ ಎಂದು ಎರಡು ವರ್ಷದ ಹಿಂದೆ ಪುರಸಭೆಯೇ ತೆರೆದದ್ದು. ಮುಂದಿನ ಕೋಣೆಯಲ್ಲಿ ಗಂಡಸರ ಎಂಟು ಮಂಚ, ಹಿಂದಿನ ಕೋಣೆಯಲ್ಲಿ ಹೆಂಗಸರ ಎರಡು. ವಾರಕ್ಕೊಮ್ಮೆ ಒಬ್ಬ ಡಾಕ್ಟರು ಬರಬೇಕಿತ್ತು. ಬಂದರೆ ಸ್ಕೂಟರಿನಿಂದ ಇಳಿಯದೆ ಪುಸ್ತಕ ತರಿಸಿಕೊಂಡು ಸಹಿ ಹಾಕಿ ಹೋಗುತ್ತಿದ್ದರು. ಮನೆಯನ್ನು ನಿಜಕ್ಕೂ ನಡೆಸುತ್ತಿದ್ದವನು ಲಾರಿ ಮಾವ. ಮೂವತ್ತು ವರ್ಷ ಲಾರಿ ಓಡಿಸಿ, ಅದರಲ್ಲಿ ಇಪ್ಪತ್ತೈದು ವರ್ಷ ಕುಡಿದೇ ಓಡಿಸಿ, ಒಂದು ದಿನ ಸೇತುವೆಯ ಕಂಬಕ್ಕೆ ಗುದ್ದಿ ಬದುಕಿ ಉಳಿದ ಮುದುಕ.

ನೌಕರ ಹೆಂಗಸರ ಕೋಣೆಗೆ ನುಗ್ಗಿ ಪಟ್ಟಿ ಬಿಚ್ಚಿದ. ಅಲ್ಲಿ ಮಲಗಿದ್ದ ಹುಡುಗಿ ದಡಕ್ಕನೆ ಎದ್ದು ಕೂತಳು. ಅವಳಿಗೆ ಇಪ್ಪತ್ತೆರಡು. ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುತ್ತಿದ್ದವಳು. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಆರು ವರ್ಷ ಅಂಟಿನ ಡಬ್ಬದ ಮುಂದೆ ಕೂತು ಕೂತು, ಕೊನೆಗೆ ಆ ವಾಸನೆ ಇಲ್ಲದೆ ಬೆಳಗಾಗುತ್ತಿರಲಿಲ್ಲ. ಎಲ್ಲರೂ ಅವಳನ್ನು ಅಂಟು ಎಂದೇ ಕರೆಯುತ್ತಿದ್ದರು.

"ಕುಡುಕರಿಗೆ ಇಷ್ಟು ದೊಡ್ಡ ಜಾಗ!" ಎಂದ ಅಧ್ಯಕ್ಷ. "ಇಲ್ಲಿ ಬಂದು ಸುಧಾರಿಸಿದವರು ಎಷ್ಟು ಜನ ರೀ?"

"ನಾನಿದೀನಿ," ಎಂದ ಲಾರಿ ಮಾವ.

"ನೀನು ಮುದುಕ. ಕುಡಿಯೋಕೆ ತಾಕತ್ತಿಲ್ಲ ಅಂತ ಬಿಟ್ಟಿದೀಯ."

ಸದಸ್ಯರು ನಕ್ಕರು. ಲಾರಿ ಮಾವನೂ ನಕ್ಕ. ಅವರು ಗೇಟು ದಾಟಿದ ಮೇಲೆ, "ನಿಮ್ಮಮ್ಮನ್..." ಎಂದು ಶುರುಮಾಡಿ ಅವರ ಮೂರು ತಲೆಮಾರನ್ನು ಬೈದು ಮುಗಿಸುವ ತನಕ ಉಸಿರು ತೆಗೆದುಕೊಳ್ಳಲಿಲ್ಲ.

ಅಂದು ಹನ್ನೊಂದು ಗಂಟೆಗೆ ಒಂದು ಹೆಣ ಬಂತು. ಕೆರೆಯಲ್ಲಿ ಮೂರು ದಿನ ಇದ್ದದ್ದು. ಆಸ್ಪತ್ರೆಯ ಜವಾನ ಎಂದಿನಂತೆ ಹೆಣದ ಗಾಡಿಯ ಕಾಲಬುಡದಲ್ಲಿ ಒಂದು ಬಾಟಲಿ ಇಟ್ಟ.

"ತಗೊಂಡು ಹೋಗು ಅಂದಿಲ್ವಾ ನಿಂಗೆ?" ಎಂದಳು.

"ಇದು ಪುರಸಭೆ ಆಸ್ತಿ ಕಣಕ್ಕಾ, ವಾಪಸ್ ತಗೊಳ್ಳೋಲ್ಲ. ಪುಸ್ತಕದಲ್ಲಿ ಕ್ರಿಮಿನಾಶಕ ಅಂತ ಬರ್ದಿರ್ತಾರೆ. ಕುಡಿ, ಹೊಟ್ಟೇಲಿರೋ ಹುಳ ಸಾಯ್ಲಿ."

ಹದಿನಾಲ್ಕು ವರ್ಷ ಹಾಗೆಯೇ ನಡೆದಿತ್ತು. ಒಂದು ಹೆಣ, ಒಂದು ಬಾಟಲಿ. ಮೊದಲ ದಿನ ಅವಳು ಬಾಗಿಲಲ್ಲೇ ವಾಂತಿ ಮಾಡಿಕೊಂಡಾಗ ಆಗಿನ ಡಾಕ್ಟರು ತಾವೇ ಲೋಟಕ್ಕೆ ಸುರಿದು ಕೊಟ್ಟಿದ್ದರು: "ಕುಡಿ. ಕುಡೀದೆ ಈ ಕೆಲಸ ಮನುಷ್ಯರು ಮಾಡೋಕಾಗಲ್ಲ." ಹೆಣ ಇಲ್ಲದ ದಿನ ಬಾಟಲಿಯೂ ಇರಲಿಲ್ಲ. ಅಂಥ ದಿನ ಅವಳು ಊರಿನ ಯಾರಾದರೂ ಸಾಯಲಿ ಎಂದು ಕಾಯುತ್ತಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅಂಟುವೊಬ್ಬಳನ್ನು ಬಿಟ್ಟು.

ಈಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು ಕೆಲಸ ಮಾಡುತ್ತಾಳೆ. ಎರಡು ಸಲ ಹೊರಗೆ ಓಡಿ ಕಕ್ಕುತ್ತಾಳೆ, ಬಂದು ಮತ್ತೆ ಸೂಜಿ ಹಿಡಿಯುತ್ತಾಳೆ. ಭಾನುವಾರ ಮಗಳು ಮೊಮ್ಮಗಳನ್ನು ಕರೆದುಕೊಂಡು ಮನೆಯ ಗೇಟಿನವರೆಗೆ ಬರುತ್ತಾಳೆ. ಕುಡಿದ ಅಮಲಿನಲ್ಲಿ ಆ ಮಗುವನ್ನು ಬಸ್ಸು ನಿಲ್ದಾಣದಲ್ಲಿ ಮರೆತು ಬಂದವಳು ಇವಳು. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತ್ತು. "ಆ ಮನೇಲಿ ಒಂದು ವರ್ಷ ಇದ್ದು ತೋರಿಸು. ಆಮೇಲೆ ನಮ್ಮನೆಗೆ ಬಾ," ಎಂದಿದ್ದಳು ಮಗಳು. ಏಳು ತಿಂಗಳು ಉಳಿದಿತ್ತು.

ಪುರಸಭೆಯ ಸಭೆಗೆ ಹೊಲಿಗೆ ಅಕ್ಕ, ಅಂಟು, ಲಾರಿ ಮಾವ ಮೂವರೂ ಹೋದರು. ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿದ್ದವನೊಬ್ಬ ಅವಳನ್ನು ಗುರುತಿಸಿ, ಅಂಗಿ ಎಳೆದುಕೊಂಡು, ಬೇರೆ ಬೆಂಚಿಗೆ ಹೋದ. ಅಂಟುವಿನ ಕಾಲು ಒಂದೇ ಸಮನೆ ಅಲುಗುತ್ತಿತ್ತು. ಹೊಲಿಗೆ ಅಕ್ಕ ಅವಳ ತೊಡೆಯ ಮೇಲೆ ಕೈಯಿಟ್ಟಳು. ಕೈಯೂ ಅಲುಗತೊಡಗಿತು.

ಕಾರ್ಯದರ್ಶಿ ಓದುತ್ತ ಹೋದ. ಚರಂಡಿ, ಮಂಜೂರು. ದೀಪದ ಕಂಬ, ಮಂಜೂರು.

"ಶವಾಗಾರಕ್ಕೆ ಕ್ರಿಮಿನಾಶಕ ದ್ರಾವಣ, ಎಂದಿನಂತೆ."

"ಮಂಜೂರು," ಎಂದ ಅಧ್ಯಕ್ಷ, ತಲೆಯೆತ್ತದೆ.

"ವ್ಯಸನಮುಕ್ತರ ವಸತಿಗೃಹ. ಫಲಿತಾಂಶ ಸಮಾಧಾನಕರವಾಗಿಲ್ಲದ ಕಾರಣ ಮುಚ್ಚಿ, ಸದರಿ ಅನುದಾನವನ್ನು ಜನಜಾಗೃತಿಗಾಗಿ ಊರ ಬಾಗಿಲಲ್ಲಿ 'ವ್ಯಸನಮುಕ್ತ ನಗರ' ಎಂಬ ಕಮಾನು ಕಟ್ಟಲು ಬಳಸುವುದು."

ಹೊಲಿಗೆ ಅಕ್ಕ ಎದ್ದು ನಿಂತಳು. ತಾನು ಏಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

"ಸ್ವಾಮಿ, ಅದು ಕ್ರಿಮಿನಾಶಕ ಅಲ್ಲ. ಸಾರಾಯಿ."

ಕಾರ್ಯದರ್ಶಿ ಕನ್ನಡಕ ತೆಗೆದ.

"ಹದಿನಾಲ್ಕು ವರ್ಷ ನಂಗೆ ಕುಡಿಸಿದ್ದು ನೀವೇ. ಈಗ ಬಿಟ್ಟಿದೀನಿ. ಕುಡಿಯೋದಕ್ಕೆ ಮಂಜೂರು, ಬಿಡೋದಕ್ಕೆ ಇಲ್ಲ ಅಂದ್ರೆ ಹೆಂಗೆ?"

"ನಿನ್ನ ಬಾಯಿಗೆ ನಾವು ಬಂದು ಸುರಿದ್ವಾ?" ಎಂದ ಅಧ್ಯಕ್ಷ.

"ಬಂದು ಸುರೀಲಿಲ್ಲ. ಹೆಣದ ಜೊತೆ ಕಳಿಸಿದ್ರಿ."

ಒಬ್ಬ ಸದಸ್ಯೆ, "ಇದನ್ನ ಸ್ವಲ್ಪ ವಿಚಾರಿಸಿದ್ರೆ..." ಎಂದು ಬಾಯಿ ತೆರೆದಳು. ಪಕ್ಕದವನು ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ಕಾಗದ ತಿರುಗಿಸತೊಡಗಿದಳು.

"ಯಾರ್ರೀ ಇವಳನ್ನ ಒಳಗೆ ಬಿಟ್ಟಿದ್ದು? ಸಭೆಗೂ ಕುಡ್ಕೊಂಡು ಬಂದಿದಾಳೆ. ಎಳೆದು ಹಾಕ್ರಿ!"

ಅವಳನ್ನು ಮುಟ್ಟಲು ಕಾವಲುಗಾರ ಹಿಂಜರಿದ. ಕೋಲಿನ ತುದಿಯಿಂದ ಬೆನ್ನಿಗೆ ತಿವಿಯುತ್ತ ಬಾಗಿಲಿನವರೆಗೆ ತಂದ.

ಮರುದಿನ ಬೆಳಿಗ್ಗೆಯೇ ಮಂಚ ಒಯ್ಯಲು ನಾಲ್ವರು ನೌಕರರೊಡನೆ ಪುರಸಭೆಯ ಕಸದ ಗಾಡಿ ಬಂತು. ಗಂಡಸರು ಗಂಟು ಕಟ್ಟಿಕೊಂಡು ಒಬ್ಬೊಬ್ಬರಾಗಿ ಹೋದರು. ಇಬ್ಬರು ನೇರವಾಗಿ ಎದುರಿನ ಸಾರಾಯಿ ಅಂಗಡಿಗೇ ಹೋದರು. ಲಾರಿ ಮಾವ ತನ್ನ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಎದ್ದೇಳೋ ಮುದುಕಾ."

"ಏಳಲ್ಲ ಕಣೋ. ನಿನ್ ಅಧ್ಯಕ್ಷಂಗೆ ಬಂದು ಎಬ್ಬಿಸೋಕ್ ಹೇಳು."

ನಾಲ್ವರು ಮಂಚವನ್ನು ಅವನ ಸಮೇತ ಎತ್ತಿದರು. ಹೆಗಲ ಮೇಲೆ ಹೊತ್ತು ನಡೆದಾಗ ರಸ್ತೆಯಲ್ಲಿದ್ದವರು ಯಾರೋ ಸತ್ತರೆಂದು ಬದಿಗೆ ಸರಿದು ನಿಂತರು. "ಇನ್ನೂ ಬದುಕಿದೀನಿ ಕಣ್ರೋ, ಹಲ್ಕಾ ನನ್ನ ಮಕ್ಕಳಾ!" ಎಂದು ಅವನು ಮೇಲಿಂದ ಕೂಗಿದ. ಮಕ್ಕಳು ನಕ್ಕರು. ಮೂಲೆಯ ತಿರುವಿನಲ್ಲಿ ಅವನನ್ನು ಇಳಿಸಿ ಮಂಚವನ್ನು ಗಾಡಿಗೆ ಎಸೆದರು.

ಹೊಲಿಗೆ ಅಕ್ಕ ಮಗಳ ಮನೆಗೆ ಹೋದಳು. ಮಗಳು ಈಗ ಎಂಟು ತಿಂಗಳ ಬಸುರಿ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಅರ್ಧ ತೆರೆದ ಬಾಗಿಲು.

"ಕುಡಿದಿಲ್ಲ ಕಣೇ. ನೋಡು ಬೇಕಾದ್ರೆ." ಅವಳು ತಾನಾಗಿಯೇ ಬಾಯಿ ತೆರೆದು ಉಸಿರು ಬಿಟ್ಟಳು.

ಮಗಳು ಮುಖ ತಿರುಗಿಸಿದಳು. "ಹಂಗೆಲ್ಲ ಮಾಡ್ಬೇಡಮ್ಮಾ. ನೀನು ಅಲ್ಲಿದ್ದಾಗ ನಂಗೆ ಧೈರ್ಯ ಇತ್ತು. ಬೀದೀಲಿದ್ರೆ... ನಮ್ಮನೆಯವರು ಒಪ್ಪಲ್ಲ."

"ನಿಂಗೆ?"

ಒಳಗಿನಿಂದ ಮೊಮ್ಮಗಳು "ಅಜ್ಜಿನಾ?" ಎಂದಳು. ಬಾಗಿಲು ಮುಚ್ಚಿತು.

ಉಳಿದದ್ದು ಶವಾಗಾರದ ಜಗುಲಿ. ಅಂಟು ಅಲ್ಲಿ ಎರಡು ದಿನ ಅವಳ ಜೊತೆಗಿದ್ದಳು. ಕೂತಲ್ಲಿ ಕೂರುತ್ತಿರಲಿಲ್ಲ, ಜಗುಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತ ಉಗುರು ಕಚ್ಚುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಚೀಲ ಎತ್ತಿಕೊಂಡಳು.

"ಕಾರ್ಖಾನೆಗೆ ಹೋಗ್ತೀನಿ. ಗೋದಾಮಿನ ಮೇಲಿನ ಕೋಣೇಲಿ ಇರು ಅಂದ ಮೇಸ್ತ್ರಿ."

"ಯಾವ ಗೋದಾಮು? ಅಂಟಿನದಾ?"

"ಹೂಂ."

"ಹೋಗ್ಬೇಡ್ವೇ. ಅಲ್ಲಿಗೆ ಮಾತ್ರ ಬೇಡ."

"ಮತ್ತೆಲ್ಲಿಗೆ ಹೋಗ್ಲಿ ಹೇಳಕ್ಕಾ. ನೀ ಹೇಳಿದ್ ಕಡೆ ಹೋಗ್ತೀನಿ, ಸತ್ಯವಾಗ್ಲೂ."

ಹೊಲಿಗೆ ಅಕ್ಕ ಯೋಚಿಸಿದಳು. ಊರಿನ ಒಂದೊಂದೇ ಬೀದಿಯನ್ನು ಮನಸ್ಸಿನಲ್ಲಿ ನಡೆದು ಬಂದಳು. ಒಂದು ಬಾಗಿಲೂ ನೆನಪಾಗಲಿಲ್ಲ. ಅಂಟು ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ನಾಲ್ಕು ದಿನ ಕಳೆದು, ಬೆಳಿಗ್ಗೆ ಒಂಬತ್ತಕ್ಕೆ ಜವಾನ ಗಾಡಿ ತಳ್ಳಿಕೊಂಡು ಬಂದ. ಅವತ್ತು ಅವನು ತಮಾಷೆ ಮಾಡಲಿಲ್ಲ. ಬಾಟಲಿಯನ್ನು ಕಲ್ಲುಮೇಜಿನ ಮೇಲಿಟ್ಟು, ನೆಲ ನೋಡುತ್ತ, "ಚಪ್ಪಲಿ ಕಾರ್ಖಾನೆಯಿಂದ ಬಂದಿದ್ದು," ಎಂದ.

ಅವಳು ಬಟ್ಟೆ ಸರಿಸಿದಳು. ಅಂಟುವಿನ ಮೂಗಿನ ಸುತ್ತ ಚರ್ಮ ಸುಟ್ಟಂತೆ ಕೆಂಪಾಗಿತ್ತು. ಕೂದಲಿಗೆ, ಗಲ್ಲಕ್ಕೆ ಅಂಟು ಹತ್ತಿ ಒಣಗಿತ್ತು. ತೆರೆದ ಡಬ್ಬದ ಮೇಲೆ ಬೋರಲು ಬಿದ್ದಿದ್ದಳಂತೆ.

ಆಸ್ಪತ್ರೆಯ ಡಾಕ್ಟರು ಬಾಗಿಲಲ್ಲೇ ನಿಂತು ಗಡಿಯಾರ ನೋಡಿದರು. "ಬೇಗ ಮುಗಿಸು. ಕಮಾನಿನ ಗುದ್ದಲಿಪೂಜೆಗೆ ಹೋಗ್ಬೇಕು. ಅಧ್ಯಕ್ಷರು ಆಗ್ಲೇ ಎರಡು ಸಲ ಫೋನ್ ಮಾಡಿದಾರೆ."

"ಏನಂತ ಬರೀತೀರಿ ಸಾರ್?"

"ಹೃದಯ ನಿಂತು ಸತ್ತಿದಾಳೆ ಅಂತ."

"ಎಲ್ರೂ ಹೃದಯ ನಿಂತೇ ಸಾಯೋದು. ಯಾಕೆ ನಿಂತೋಯ್ತು ಅಂತ ಬರೀರಿ. ಮಂಚ ಕಿತ್ಕೊಂಡ್ರು ಅಂತ ಬರೀರಿ. ಅಂಟಿನ ಗೋದಾಮಲ್ಲಿ ಮಲಗ್ಸಿದ್ರು ಅಂತ ಬರೀರಿ."

ಡಾಕ್ಟರು ನಕ್ಕರು. ಕೆಟ್ಟ ನಗುವಲ್ಲ, ದಣಿದ ನಗು. "ಅದಕ್ಕೆಲ್ಲ ಕಾಲಂ ಇಲ್ಲಮ್ಮಾ. ಮೊದ್ಲು ಒಂದು ಗುಟುಕು ಹಾಕು."

ಅವಳು ಬಾಟಲಿ ತೆಗೆದುಕೊಂಡಳು. ಮುಚ್ಚಳ ತಿರುಗಿಸಿದಳು. ವಾಸನೆ ಮೂಗಿಗೆ ಹೊಡೆದು, ಬಾಯಿಯಲ್ಲಿ ನೀರೂರಿತು. ಅವಳು ಹಾಗೇ ನಿಂತಳು. ಜವಾನ ಅವಳನ್ನೇ ನೋಡುತ್ತಿದ್ದ. ಆಮೇಲೆ ಅವಳು ಬಾಗಿಲ ಬಳಿ ಹೋಗಿ, ಬಾಟಲಿಯನ್ನು ಡಾಕ್ಟರ ಬಿಳಿ ಕೋಟಿನ ಜೇಬಿಗೆ ತಲೆಕೆಳಗಾಗಿ ತುರುಕಿದಳು.

"ಏಯ್! ಹುಚ್ಚು ಹಿಡೀತಾ?"

"ನೀವೇ ಕುಡ್ದು ನೀವೇ ಕೊಯ್ಕೊಳಿ."

ಡಾಕ್ಟರು ತೊಡೆ ಒದ್ದೆ ಮಾಡಿಕೊಂಡು ಹಿಂದೆ ಹಾರಿದರು. ಅವಳು ಜವಾನನನ್ನೂ ಹೊರಗೆ ನೂಕಿ, ಬಾಗಿಲು ಹಾಕಿ, ಚಿಲಕ ಜಡಿದು, ಕಬ್ಬಿಣದ ಕಪಾಟನ್ನು ಬೆನ್ನಿನಿಂದ ತಳ್ಳಿ ಅಡ್ಡ ಇಟ್ಟಳು.

ಮೊದಲು ಡಾಕ್ಟರು ಬಡಿದರು. ಆಮೇಲೆ ನಿರೀಕ್ಷಕ ಬಂದ. "ತೆಗಿಯೇ ಲೌಡಿ, ಕೆಲಸದಿಂದ ಕಿತ್ತು ಹಾಕ್ತೀನಿ!"

"ಕಿತ್ತು ಹಾಕು. ನಾಳೆಯಿಂದ ನೀನೇ ಬಾ. ಸೂಜಿ ಇಲ್ಲೇ ಇಟ್ಟಿರ್ತೀನಿ."

ಹನ್ನೊಂದಕ್ಕೆ ಇನ್ನೊಂದು ಗಾಡಿ ಬಂದು ನಿಂತ ಸದ್ದು, ಅದರ ಹಿಂದೆ ಅಳು. ಯಾರದೋ ಮನೆಯವರು ಬಿಸಿಲಿನಲ್ಲಿ ಕಾಯುತ್ತಿದ್ದರು. ಹೆಣ ಕೊಡಿ, ಏನಾದ್ರೂ ಮಾಡಿ ಕೊಡಿ ಎಂದು ಒಬ್ಬ ಹೆಂಗಸು ಬೇಡುತ್ತಿದ್ದಳು. ಅವಳು ಎದ್ದು ಚಿಲಕದವರೆಗೆ ಹೋದಳು. ನಿಂತಳು. ವಾಪಸು ಬಂದಳು. ಮತ್ತೆ ಹೋದಳು.

"ಅಮ್ಮಾ," ಎಂದು ಬಾಗಿಲ ಸಂದಿಯಿಂದ ಕೂಗಿದಳು, "ನಿಮ್ಮ ಹೆಣಕ್ಕೆ ನಾನು ಅಡ್ಡ ಬಂದಿಲ್ಲ. ಅಧ್ಯಕ್ಷನ್ನ ಇಲ್ಲಿಗೆ ಕರೆಸಿ. ಅವನು ಬಂದು ಈ ಹುಡುಗಿ ಮುಖ ನೋಡ್ಲಿ. ಡಾಕ್ಟ್ರು ಇದ್ದದ್ದು ಇದ್ದ ಹಾಗೆ ಬರೀಲಿ. ಆ ಗಳಿಗೇಲೇ ಬಾಗಿಲು ತೆಗೀತೀನಿ."

ಹೊರಗೆ ಗುಜುಗುಜು ಎದ್ದಿತು. ಅಳುತ್ತಿದ್ದ ಹೆಂಗಸಿನ ದನಿ ಈಗ ಬೇರೆ ಕಡೆಗೆ ತಿರುಗಿತ್ತು: "ಎಲ್ಲಿದಾನ್ರೀ ನಿಮ್ ಅಧ್ಯಕ್ಷ? ಕರೀರಿ ಮೊದ್ಲು!" ಅದಕ್ಕೆ ಇನ್ನೊಂದು ದನಿ ಸೇರಿತು. ದೂರದಲ್ಲಿ ಲಾರಿ ಮಾವನ ಬೈಗುಳದಂಥದೇನೋ ಕೇಳಿಸಿತು, ಅವನದೋ ಅಲ್ಲವೋ ತಿಳಿಯಲಿಲ್ಲ.

ಅವಳು ಬಕೆಟ್ಟಿನಲ್ಲಿ ನೀರು ತಂದು ಕಲ್ಲುಮೇಜಿನ ಪಕ್ಕ ಕೂತಳು. ಅಂಟುವಿನ ತಲೆಯನ್ನು ಮಡಿಲ ಕಡೆಗೆ ಎಳೆದುಕೊಂಡು, ಒಣಗಿದ ಗಂಟುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದಳು. ಕೂದಲು ಕಿತ್ತು ಬಂದಾಗಲೆಲ್ಲ, "ನೋವಾಯ್ತೇನೇ?" ಎನ್ನುತ್ತಿದ್ದಳು.

ಬಡಿತ ಒಮ್ಮೆಲೇ ನಿಂತಿತು. ಆಮೇಲೆ ಬಾಗಿಲಿನ ಕೀಲುಗಳ ಮೇಲೆ ಗರಗಸ ಉಜ್ಜುವ ಸದ್ದು ಶುರುವಾಯಿತು. ಅವಳು ತಲೆಯೆತ್ತಿ ನೋಡಲಿಲ್ಲ. ಇನ್ನೂ ಅರ್ಧ ತಲೆ ಬಾಕಿ ಇತ್ತು.